ಒಂದು ಫ್ಲೆಕ್ಸು, ಮೂವರು ಗೆಳೆಯರು, ನನ್ನ ಮಣ್ಣು

ಕಳೆದ ಗುರುವಾರ ಬೆಳಿಗ್ಗೆ ನಾನು ಸತ್ತೆ.

ಸುದ್ದಿ ನನಗೆ ಗೊತ್ತಾಗಿದ್ದು ಫೋನಿನಲ್ಲಿ. ಅಕ್ಕಿರೊಟ್ಟಿ ತಟ್ಟುತ್ತಿದ್ದೆ. ಕೈಯೆಲ್ಲ ಹಿಟ್ಟು. ಮೊಣಕೈಯಿಂದಲೇ ಸ್ಪೀಕರ್ ಒತ್ತಿದೆ. ಆ ಕಡೆಯಿಂದ ಒಂದು ಗಂಡು ದನಿ ಬಹಳ ಮೆತ್ತಗೆ ಕೇಳಿತು.

"ಸಾಲಿಗ್ರಾಮದ ಲಕ್ಷ್ಮಮ್ಮನೋರ ಮನೆ ತಾನೆ? ಮಣ್ಣು ಎಷ್ಟೊತ್ಗೆ?"

ಹೆಸರು ನನ್ನದೇ. ಮನೆಯೂ ನನ್ನದೇ. ಹಾಗಾದರೆ ಮಣ್ಣೂ ನನ್ನದೇ ಇರಬೇಕು.

ಎದೆ ಧಸಕ್ ಅಂದಿತು. ಸುಳ್ಳು ಯಾಕೆ ಹೇಳಲಿ? ಆದರೆ ನಾನು ಕೆ.ಆರ್. ನಗರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹೆಡ್‌ಫೋನ್ ಕಟ್ಟಿಕೊಂಡೇ ಮುದುಕಿಯಾದವಳು. ಮಾತು ಬಿಟ್ಟಿದ್ದ ಇಬ್ಬರು ಬೀಗರಿಗೆ ಒಟ್ಟಿಗೆ ಲೈನ್ ಕೊಟ್ಟು, ಇವರಿಗೆ 'ಅವರು ಕರೀತಿದಾರೆ', ಅವರಿಗೆ 'ಇವರು ಕರೀತಿದಾರೆ' ಅಂತ ಹೇಳಿ ರಾಜಿ ಮಾಡಿಸಿದ ಬಾಯಿ ಇದು. ನನ್ನ ಸರ್ವೀಸಿನಲ್ಲಿ ನಾನು ಬಿಡದ ರೈಲಿಲ್ಲ. ಸಿಕ್ಕಿಬಿದ್ದ ದಿನವೂ ಇಲ್ಲ. ಇಂಥ ಚಾನ್ಸ್ ಕೈಗೆ ಬಂದರೆ ಬಿಡುತ್ತೀನಾ?

"ಮೂರು ಗಂಟೆಗೆ ಕಣಪ್ಪ," ಅಂದೆ ದನಿ ನಡುಗಿಸಿ. "ಊಟ ಮಾಡ್ಕಂಡೇ ಬನ್ನಿ. ಇಲ್ಲಿ ಒಲೆ ಹಚ್ಚಂಗಿಲ್ಲ."

ಅಷ್ಟು ಹೇಳಿ ರೊಟ್ಟಿ ಮಗುಚಿ ಹಾಕಿದೆ.

ಮಧ್ಯಾಹ್ನದ ಹೊತ್ತಿಗೆ ಪಿರಿಯಾಪಟ್ಟಣದಿಂದ ನನ್ನ ತಂಗಿ ರತ್ನಿ ಬಂದಳು. ಕಾರು ಬೀದಿ ತಿರುವಿನಲ್ಲಿ ಇರುವಾಗಲೇ ಅಳು ಕೇಳಿಸಿತು. ಕೈಯಲ್ಲಿ ನನ್ನಷ್ಟೇ ಉದ್ದದ ಸುಗಂಧರಾಜದ ಹಾರ.

"ಅಯ್ಯೋ ನನ್ನಕ್ಕಾ, ನನ್ ಕೈಯಿಂದ ಒಂದ್ ತೊಟ್ಟು ನೀರು ಕುಡೀದೆ ಓಗ್ಬುಟ್ಯಲ್ಲೇ..."

ನಾನು ಬಾಗಿಲಲ್ಲೇ ನಿಂತಿದ್ದೆ. "ಬಾರೆ," ಅಂದೆ. "ಚೊಂಬು ಅಲ್ಲೈತೆ. ಈಗ ಕೊಡು, ಕುಡೀತೀನಿ."

ಅವಳು ಕಂಬ ಹಿಡಿದುಕೊಂಡಳು. ಆಮೇಲೆ ಅದೇ ಹಾರದಲ್ಲಿ ನನ್ನ ಬೆನ್ನಿಗೆ ಬಾರಿಸಿದಳು. (ಬದುಕಿರುವಾಗಲೇ ಹಾರ ಹಾಕಿಸಿಕೊಂಡವರನ್ನು ನೋಡಿದ್ದೀರಿ. ಹಾರದಲ್ಲಿ ಹೊಡೆಸಿಕೊಂಡವಳು ನಾನೊಬ್ಬಳೇ.)

"ನಿನ್ ಮನೆ ಕಾಯ್ವಾಗ! ಬಸ್‌ಸ್ಟ್ಯಾಂಡಲ್ಲಿ ಅಷ್ಟು ದೊಡ್ಡ ಫ್ಲೆಕ್ಸ್ ಹಾಕವ್ರೆ, ದೀಪ ಹಚ್ಚವ್ರೆ, ವಾಟ್ಸಾಪಲ್ಲಿ ಊರೆಲ್ಲಾ ಕಳ್ಸವ್ರೆ!"

ಫ್ಲೆಕ್ಸಾ? ನನ್ನದಾ? ಇಬ್ಬರೂ ಹೋಗಿ ನೋಡಿದೆವು.

ಇತ್ತು. ನನ್ನ ಪೆನ್ಷನ್ನಿನ ಪಾಸ್‌ಪೋರ್ಟ್ ಫೋಟೋವನ್ನು ಎಮ್ಮೆಯಷ್ಟು ದೊಡ್ಡದು ಮಾಡಿದ್ದರು. ಎಡಕ್ಕೊಂದು ದೀಪ, ಬಲಕ್ಕೊಂದು ದೀಪ, ಸುತ್ತ ಮಲ್ಲಿಗೆ ಹಾರ. ಕೆಳಗೆ ಸಣ್ಣ ಅಕ್ಷರದಲ್ಲಿ, 'ನಮ್ಮ ಜೀವದ ಫ್ರೆಂಡ್ ಲಕ್ಷ್ಮಮ್ಮನಿಗೆ ಎಪ್ಪತ್ತನೇ ಹುಟ್ಟುಹಬ್ಬದ ಶುಭಾಶಯಗಳು'. ಅದರ ಕೆಳಗೆ ಮೂರು ದುಂಡನೆ ಫೋಟೋಗಳು. ಮೂವರೂ ಮೂವತ್ತರ ಆಚೀಚಿನ ಹುಡುಗರು, ಮೂವರಿಗೂ ಕೂಲಿಂಗ್ ಗ್ಲಾಸು. 'ಕೋರುವವರು: ಗೆಳೆಯರ ಬಳಗ'.

ನಮ್ಮ ಕಡೆ ಫ್ಲೆಕ್ಸನ್ನು ಯಾರೂ ಓದುವುದಿಲ್ಲ, ನೋಡುತ್ತಾರೆ. ಎಳೆ ಮುಖವಿದ್ದರೆ ಹುಟ್ಟುಹಬ್ಬ, ಬಿಳಿ ಬಟ್ಟೆಯಿದ್ದರೆ ಎಲೆಕ್ಷನ್, ಮುದಿ ಮುಖವಿದ್ದರೆ ತಿಥಿ. ಫ್ಲೆಕ್ಸ್ ಅಂಗಡಿಯ ಹುಡುಗನಿಗೆ ಆಮೇಲೆ ಫೋನ್ ಮಾಡಿ ವಿಚಾರಿಸಿದೆ. "ವಯಸ್ಸಾದೋರಿಗೆ ನಮ್ತಾವ ಇರೋದು ಒಂದೇ ಡಿಸೈನು ಕಣಮ್ಮ," ಅಂದ. "ಬದುಕಿರೋರ್ಗೆ ಯಾರೂ ಕೇಳಿರ್ಲಿಲ್ಲ."

ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ರತ್ನಿ ಸಣ್ಣ ಅಕ್ಷರ ಓದುತ್ತಿದ್ದಳು. ಓದಿ ಮುಗಿಯುವಷ್ಟರಲ್ಲಿ ಕಣ್ಣೀರು ಒಣಗಿತ್ತು.

"ಫ್ರೆಂಡಾ?" ಅಂದಳು. "ನಿನ್ಗಾ? ಈ ಉಡುಗ್ರಾ?"

"ಊಂ. ಯಾಕೆ?"

ಅವಳು ಸುತ್ತ ನೋಡಿ, ದನಿ ತಗ್ಗಿಸಿ ಒಂದು ಮಾತು ಹೇಳಿದಳು. ಅದನ್ನು ಇಲ್ಲಿ ಹಾಗೇ ಬರೆಯುತ್ತೇನೆ.

"ಇದ್ಕಿಂತ ನೀನು ಸತ್ತಿದ್ರೇ ವಾಸಿಯಾಗಿತ್ತು ಕಣಕ್ಕ."

ನನ್ನ ನಗು ಅಲ್ಲೇ ನಿಂತಿತು.

ಈ ಮೂವರ ಬಗ್ಗೆ ನಿಮಗೆ ಹೇಳಿಲ್ಲ ಅಲ್ಲವೇ? ಜಂಬ ಅಂದುಕೊಳ್ಳುತ್ತೀರಿ ಅಂತ ಸುಮ್ಮನಿದ್ದೆ. ಜಂಬವೇ, ಕೇಳಿ.

ರಿಟೈರ್ ಆದ ಮೇಲೆ ನಾನು ಸ್ಕೂಟರ್ ಕಲಿತೆ. ಬ್ರೇಕು ಯಾವುದು ಅನ್ನುವ ಪಾಠಕ್ಕಿಂತ ಮುಂಚೆಯೇ ಗಾವಡಗೆರೆ ಕಡೆಗೆ ಹೊರಟೆ. ಅಲ್ಲಿ ಚೇತು ಎಂಬ ಹುಡುಗ ರಸ್ತೆ ಪಕ್ಕ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ ಸಾಲಾಗಿ ಜೋಡಿಸಿದ್ದ. ಬಿಸಿ ಹಾಯಿಸಿ ಒಣಗಿಸುವ ಬ್ಯಾರನ್ನಿಗೆ ಏರಿಸುವುದೊಂದೇ ಬಾಕಿ. ನಾನು ಆ ಸಾಲಿನ ಮೇಲೇ ಹೋಗಿ ನಿಂತೆ. ಹೆಲ್ಮೆಟ್ಟಿನ ಒಳಗೆ ಯಾರಿದ್ದಾರೆ ಅಂತ ನೋಡದೆ ಅವನು ಬೈದ. ಅದೆಂಥಾ ಬೈಗುಳ! ನಾನು ಹೆಲ್ಮೆಟ್ ತೆಗೆದೆ. ನರೆಗೂದಲು ನೋಡಿಯೂ ಅವನು ನಿಲ್ಲಿಸಲಿಲ್ಲ.

"ಮುದುಕಿ ಆದ್ರೇನು, ಸೊಪ್ಪು ಓಗಿಲ್ವಾ?" ಅಂದ.

ಗಂಡ ತೀರಿಕೊಂಡ ಮೇಲೆ ನನಗೆ ಯಾರೂ ಬೈದಿರಲಿಲ್ಲ ಸ್ವಾಮಿ. ತಲೆ ಬೆಳ್ಳಗಾದ ಹೆಂಗಸಿಗೆ ಜನ ಸೀಟು ಬಿಡುತ್ತಾರೆ, ಕಾಲಿಗೆ ಬೀಳುತ್ತಾರೆ, 'ಪಾಪ' ಅನ್ನುತ್ತಾರೆ. ಬೈಯುವುದಿಲ್ಲ. ನಾನು ಅಲ್ಲೇ ಕುಕ್ಕರುಗಾಲಲ್ಲಿ ಕೂತು ಅವನ ಜೊತೆ ಸೊಪ್ಪು ಕಟ್ಟಿದೆ. ಕಟ್ಟುತ್ತಾ ನಾನೂ ನಾಲ್ಕು ಬೈದೆ. ಸಂಜೆಗೆ ಫ್ರೆಂಡ್ಸ್ ಆದೆವು.

ಅವನ ಹಿಂದೆ ಇನ್ನಿಬ್ಬರು ಬಂದರು. ಹುಣಸೂರಿನ ಮೊಬೈಲ್ ಅಂಗಡಿಯ ಸಮೀರ, ಎಚ್.ಡಿ. ಕೋಟೆಯಿಂದ ಶುಂಠಿ ಸಾಗಿಸುವ ಗೂಡ್ಸ್ ಆಟೋದ ಮಾದ. (ಕೇರಳದ ಗಡಿ ದಾಟಿ ಬರುವ ಮಾದ ನನಗೆ ಮಲಯಾಳದಲ್ಲಿ ಬೈಯುವುದನ್ನು ಕಲಿಸಿದ್ದಾನೆ. ಉಪಯೋಗಕ್ಕೆ ಬರುವ ಭಾಷೆ.) ಭಾನುವಾರ ಆಯಿತೆಂದರೆ ಮೂವರೂ ನಮ್ಮ ಜಗಲಿಯಲ್ಲಿ. ನಾಲ್ಕು ಜನ, ನಾಲ್ಕು ಕವಡೆ, ಒಂದು ಚೌಕಾಬಾರದ ಮನೆ. ಸೀಮೆಸುಣ್ಣದಲ್ಲಿ ಬರೆದು ಆಟ ಶುರು.

ನಾನು ಮೋಸ ಮಾಡುತ್ತೇನೆ. ಅದು ಎಲ್ಲರಿಗೂ ಗೊತ್ತಿರುವ ವಿಷಯ. ಸೆರಗು ಸರಿಪಡಿಸುವ ನೆಪದಲ್ಲಿ ಕಾಯಿ ಒಂದು ಮನೆ ಮುಂದೆ ಹೋಗಿರುತ್ತೆ. ತಕ್ಷಣ ಮೂವರೂ ಕಿರುಚುತ್ತಾರೆ.

"ಏಯ್ ಎಕ್ಸ್‌ಚೇಂಜು, ರಾಂಗ್ ನಂಬರು! ಕಾಯಿ ಇಂದಕ್ ಮಡುಗು!"

ನನ್ನ ಹೆಸರೇ ಅದು, ಎಕ್ಸ್‌ಚೇಂಜು. ಆಮೇಲೆ ಜಗಳ, ಕಡಲೆಕಾಯಿ, ಕಾಫಿ, ಮತ್ತೆ ಜಗಳ. ಬ್ಯಾರನ್ನಿಗೆ ಬೆಂಕಿ ಬಿದ್ದ ವರ್ಷ ಚೇತು ಅಳುವುದಕ್ಕೆ ಬಂದದ್ದೂ ಇದೇ ಜಗಲಿಗೆ. "ಅವ್ವನ ಮುಂದೆ ಅಳಾಕಾಯ್ತದಾ, ನೀನೇ ಏಳು," ಅಂದಿದ್ದ. ಅವನು ಮಿರ್ಲೆಯ ಸೌಮ್ಯ ಎಂಬ ಹುಡುಗಿಯನ್ನು ನೋಡಿ ಬಂದಾಗ ಅವಳಿಗೆ ಮೊದಲ ಮೆಸೇಜು ಏನು ಕಳಿಸಬೇಕು ಅಂತ ಹೇಳಿಕೊಟ್ಟವಳೂ ನಾನೇ. ಅವಳು ಮೂರು ನಗುವ ಬೊಂಬೆ ವಾಪಸ್ ಕಳಿಸಿದಳು. ಆ ಮೂರು ನಗುವೂ ನನ್ನ ಪ್ರತಿಭೆಗೆ ಸಂದದ್ದು.

ಈಗ ಹೇಳಿ, ಇದಕ್ಕೆ ಫ್ರೆಂಡ್ ಅನ್ನದೆ ಏನನ್ನಬೇಕು?

ಏನನ್ನಬೇಕು ಅಂತ ಶುಕ್ರವಾರ ಚೇತುವಿನ ತಾಯಿಯೇ ಬಂದು ಹೇಳಿದರು. ಪಾಪದ ಹೆಂಗಸು. ಕುರ್ಚಿಯ ತುದಿಯಲ್ಲಿ ಕೂತರು.

"ಅಕ್ಕಾ, ನಿಮ್ಮೇಲೆ ನಂಗೇನೂ ಇಲ್ಲ. ಮಿರ್ಲೆಯೋರು ಫ್ಲೆಕ್ಸ್ ನೋಡವ್ರೆ. ಆ ಯಮ್ಮ ಯಾರು, ಏನ್ ಸಂಬಂಧ ಅಂತ ಕೇಳ್ತಾವ್ರೆ."

"ಫ್ರೆಂಡು ಅಂತ ಅಲ್ಲೇ ಬರದೈತಲ್ಲಮ್ಮ."

"ಅದೇ ಕಣಕ್ಕ ಕೇಡಾಗಿರೋದು. ನಾಳೆ ಉಡುಗಿ ಅಪ್ಪ ಬತ್ತಾವ್ರೆ ನಿಮ್ತಾವ್ಕೆ. ಚೇತುಗೆ ನಾನು ತಾಯಿ ಸಮಾನ ಅಂತ ಒಂದ್ ಮಾತು ಅಂದ್ಬುಡಿ. ಎಲ್ಲಾ ಸರೋಯ್ತದೆ. ಇಲ್ಲಾಂದ್ರೆ ಈ ಸಂಬಂಧ ಮುರದೋಯ್ತದೆ ಅಕ್ಕ. ಅವ್ನು ಆ ಉಡುಗೀನ ಬೋ ಅಚ್ಕಂಡವ್ನೆ."

ಅವರು ಹೋದ ಮೇಲೆ ನಾನು ಕನ್ನಡಿ ಮುಂದೆ ನಿಂತೆ. ಎಪ್ಪತ್ತಕ್ಕೂ ನನ್ನ ಮೇಲೆ ಗುಮಾನಿ! ಎಡದಿಂದ ನೋಡಿದೆ, ಬಲದಿಂದ ನೋಡಿದೆ. ಪರವಾಗಿಲ್ಲ, ಗುಮಾನಿಗೆ ಅಲ್ಪಸ್ವಲ್ಪ ಆಧಾರವಿದೆ ಅನ್ನಿಸಿತು. ನಗಬೇಕು ಅಂದುಕೊಂಡೆ. ಬರಲಿಲ್ಲ.

ಗಂಡಸರಿಗೆ ಈ ತಾಪತ್ರಯ ಇದೆಯೇ? ನಮ್ಮ ಬೀದಿಯ ಮುದುಕರು ಹುಡುಗರ ಜೊತೆ ಇಸ್ಪೀಟು ಆಡುತ್ತಾರೆ, ಒಂದೇ ಬೀಡಿ ಹಂಚಿಕೊಳ್ಳುತ್ತಾರೆ. ಅವರನ್ನು ಯಾರೂ 'ತಂದೆ ಸಮಾನ' ಅಂತ ಸರ್ಟಿಫಿಕೇಟ್ ಕೇಳಿಲ್ಲ. ಹೆಂಗಸಿಗೆ ಮಾತ್ರ ನೆಂಟಸ್ತನದ ಹಗ್ಗ ಬೇಕು. ತಾಯಿ ಅನ್ನು, ಅಕ್ಕ ಅನ್ನು, ಅಜ್ಜಿ ಅನ್ನು. ಎಲ್ಲಿಗಾದರೂ ಕಟ್ಟಿಹಾಕು. ಸುಮ್ಮನೆ ಸ್ನೇಹ ಅಂದರೆ ಊರಿಗೆ ನಿದ್ದೆ ಬರಲ್ಲ.

ಶನಿವಾರ ಹುಡುಗಿಯ ಅಪ್ಪ ಬಂದರು. ಜೊತೆಗೆ ಚೇತುವನ್ನೂ ಕರೆತಂದಿದ್ದರು. ಕಾಫಿ ಕೊಟ್ಟೆ. ಮುಟ್ಟಲಿಲ್ಲ. ಮಾತು ಇತ್ಯರ್ಥ ಆಗುವ ತನಕ ಆ ಮನೆಯ ನೀರೂ ಕುಡಿಯಬಾರದು, ಅದು ನಮ್ಮ ಕಡೆಯ ಪದ್ಧತಿ. ಕಾಫಿಯ ಮೇಲೆ ಕೆನೆ ಕಟ್ಟುತ್ತಿತ್ತು.

"ಕೇಳ್ಬಾರ್ದು," ಅಂದರು. "ಆದ್ರೂ ಎಣ್ಣೆತ್ತೋರು, ಕೇಳ್ಬೇಕಾಯ್ತದೆ. ಈ ಉಡ್ಗ ನಿಮಗೇನಾಗ್ಬೇಕು?"

ಚೇತು ಕಂಬಕ್ಕೆ ಒರಗಿ ನಿಂತಿದ್ದ. ನನ್ನನ್ನು ನೋಡಿದ. ಅವನ ಕಣ್ಣಲ್ಲಿ ಆ ಮೂರು ನಗುವ ಬೊಂಬೆಗಳಿದ್ದವು. ನಾನು ಆಯುಷ್ಯವಿಡೀ ಮೋಜಿಗೆ ಸುಳ್ಳು ಹೇಳಿದವಳು. ಒಂದು ಸುಳ್ಳಿಗೂ ನಾಲಿಗೆ ತಡವರಿಸಿರಲಿಲ್ಲ.

"ನನ್ ಹೊಟ್ಟೇಲಿ ಹುಟ್ದೆ ಇರೋ ಮಗ ಕಣಪ್ಪ," ಅಂದೆ. ದನಿ ನಡುಗಿತು. ಈ ಸಲ ನಾನು ನಡುಗಿಸಿದ್ದಲ್ಲ.

ಅವರ ಮುಖ ಅರಳಿತು. ತಣ್ಣಗಾಗಿದ್ದ ಕಾಫಿಯನ್ನು ಕೆನೆ ಸಮೇತ ಒಂದೇ ಗುಟುಕಿಗೆ ಕುಡಿದರು.

"ಮತ್ತೆ ಏನ್ಲಾ, ತಾಯಿ ಮುಂದೆ ಕಂಬದಂಗೆ ನಿಂತಿದೀಯ? ಕಾಲಿಗ್ ಬೀಳು."

ಚೇತು ಬಿದ್ದ. ನನ್ನ ಕಾಲಿಗೆ. ಹೊಗೆಸೊಪ್ಪು ತುಳಿದದ್ದಕ್ಕೆ ನನ್ನ ಏಳು ತಲೆಮಾರನ್ನು ಬೈದ ಹುಡುಗ.

ಎಲ್ಲರಿಗೂ ಖುಷಿ. ಫ್ಲೆಕ್ಸ್ ಕೂಡ ಇಳಿಸಬೇಕಾಗಲಿಲ್ಲ. 'ಜೀವದ ಫ್ರೆಂಡ್' ಅನ್ನುವ ಕಡೆ ಒಂದು ಪಟ್ಟಿ ಅಂಟಿಸಿ 'ಮಾತೃಸ್ವರೂಪಿ' ಅಂತ ಮಾಡಿದರು. ಅದೇ ಫೋಟೋ, ಅದೇ ಹುಡುಗರು, ಅದೇ ಕೂಲಿಂಗ್ ಗ್ಲಾಸು. ಈಗ ಬಸ್‌ಸ್ಟ್ಯಾಂಡಿನಲ್ಲಿ ಜನ ಕೈ ಮುಗಿದು ಹೋಗುತ್ತಾರಂತೆ. ದೀಪ ಮಾತ್ರ ಹಾಗೇ ಉರಿಯುತ್ತಿದೆ.

ರತ್ನಿ ಫೋನ್ ಮಾಡಿದಳು. "ಮಕ್ಳಿಲ್ದೋಳಿಗೆ ಬೆಳ್ದಿರೋ ಮಗ ಸಿಕ್ದ. ಇನ್ನೇನ್ ಬೇಕು ಬುಡಕ್ಕ ನಿಂಗೆ," ಅಂದಳು. ಹೌದು, ನನಗೆ ಮಕ್ಕಳಿಲ್ಲ. ಆ ಕೊರಗನ್ನು ಯಾವತ್ತೋ ಮುಗಿಸಿದ್ದೇನೆ. ಊರು ಮಾತ್ರ ಇನ್ನೂ ಮುಗಿಸಿಲ್ಲ.

ಭಾನುವಾರ ಬಂತು. ಹುಡುಗರೂ ಬಂದರು.

ಬರಿಗೈಲಿ ಬಂದು ನನ್ನ ಡಬ್ಬಿ ಖಾಲಿ ಮಾಡಿ ಹೋಗುತ್ತಿದ್ದವರು ಸೇಬು, ಮೂಸಂಬಿ ತಂದಿದ್ದರು. (ಆಸ್ಪತ್ರೆಗೆ ಒಯ್ಯುತ್ತಾರಲ್ಲ, ಹಾಗೆ.) ಜಗಲಿಯಲ್ಲಿ ಕಾಲು ಚಾಚಿ ಬೀಳುತ್ತಿದ್ದ ಮಾದ ಚಕ್ಕಳಮಕ್ಕಳ ಹಾಕಿ ಕೂತ. ನಾನೇ ಸೀಮೆಸುಣ್ಣ ತಂದು ಮನೆ ಬರೆದೆ.

"ನೀವ್ ಮೊದ್ಲು ಆಕಿ ಅಮ್ಮ," ಅಂದ ಚೇತು.

ಅಮ್ಮ. ಸರಿ. ಕವಡೆ ಹಾಕಿದೆ. ಆಟ ಎರಡು ಸುತ್ತು ಬಂದ ಮೇಲೆ ನನಗೆ ಮೂರು ಬಿತ್ತು. ಚೇತುವಿನ ಕಾಯಿ ನನ್ನ ಕಾಯಿಯಿಂದ ನಾಲ್ಕನೇ ಮನೆಯಲ್ಲಿತ್ತು. ನಾನು ಸೆರಗನ್ನೂ ಅಡ್ಡ ಹಿಡಿಯಲಿಲ್ಲ. ಮೂವರೂ ನೋಡುತ್ತಿದ್ದ ಹಾಗೇ, ಜೋರಾಗಿ ಎಣಿಸುತ್ತಾ, ನಾಲ್ಕನೇ ಮನೆಗೆ ನಡೆಸಿ ಅವನ ಕಾಯಿ ಕಡಿದೆ. ಇಷ್ಟು ನಾಚಿಕೆಗೆಟ್ಟ ಮೋಸ ನಾನೇ ಯಾವತ್ತೂ ಮಾಡಿರಲಿಲ್ಲ.

ಕಾದೆ.

ಸಮೀರ ಮೊಬೈಲ್ ನೋಡಿದ. ಮಾದ ಮರ್ಯಾದೆಗೆ ನಕ್ಕ. ಚೇತು ಸತ್ತ ಕಾಯಿಯನ್ನು ತಾನೇ ಎತ್ತಿ ಪಕ್ಕಕ್ಕಿಟ್ಟ.

"ರಾಂಗ್ ನಂಬರು ಅಲ್ವೇನೋ ಅದು?" ಅಂದೆ. ನಾನೇ ಕೇಳಿದೆ.

"ಓಗ್ಲಿ ಬುಡಿ ಅಮ್ಮ," ಅಂದ ಚೇತು. "ನೀವೇ ಗೆಲ್ಲಿ."

ನಾನೇ ಗೆದ್ದೆ. ಮೊದಲನೇ ಆಟ, ಎರಡನೇ ಆಟ. ಮೂರನೆಯದಕ್ಕೆ ಕವಡೆ ಎತ್ತಲು ಮನಸ್ಸಾಗಲಿಲ್ಲ. ಕತ್ತಲಾಗುವ ಮುಂಚೆಯೇ ಹೊರಟರು. ಹೊರಡುವಾಗ ಮೂವರೂ ಸಾಲಾಗಿ ಕಾಲಿಗೆ ಬಿದ್ದರು.

ಗುರುವಾರ ಆ ಫೋನು ಬಂದಾಗ ಎದೆ ಧಸಕ್ ಅಂದಿತ್ತು ಅಂತ ಹೇಳಿದೆನಲ್ಲ? ಅದೇನೂ ಅಲ್ಲ ಬಿಡಿ. ಆವತ್ತು ಮಣ್ಣು ಎಷ್ಟೊತ್ತಿಗೆ ಅಂತ ಕೇಳಿದವನಿಗೆ ಹೊತ್ತು ಸರಿಯಾಗಿ ಹೇಳಿರಲಿಲ್ಲ ನಾನು. ಭಾನುವಾರ ಸಂಜೆ ಅನ್ನಬೇಕಿತ್ತು.

ಮದುವೆ ನಿಶ್ಚಯವಾಗಿದೆ. ಅದಕ್ಕೆ ಸಂತೋಷವಿದೆ, ನಾಟಕವಲ್ಲ. ಸೌಮ್ಯ ಒಳ್ಳೆಯ ಹುಡುಗಿ. ಆದರೆ ನಮ್ಮ ಜಗಲಿಯಲ್ಲಿ ಜಾಗ ಖಾಲಿ ಇದೆ. ಗಂಡಾದರೂ ಸರಿ, ಹೆಣ್ಣಾದರೂ ಸರಿ, ಎಳಬರಾದರೂ ಸರಿ, ಹಲ್ಲು ಬಿದ್ದವರಾದರೂ ಸರಿ. ಹಣ್ಣು ತರಬಾರದು. ಅಮ್ಮ ಅನ್ನಬಾರದು. ಚೌಕಾಬಾರ ಬರದಿದ್ದರೂ ನಡೆಯುತ್ತೆ, ಕಲಿಸುತ್ತೇನೆ.

ಬೈಯೋಕೆ ಬರುತ್ತಾ?