ನಾಲೆಯ ಮೇಲಿನ ಚುಕ್ಕೆಗೆರೆ

ನಕ್ಷೆಯ ಪಾಠ ಮಾಡುವ ವಾರ ಬಂತೆಂದರೆ ರಜೆ ಹಾಕಿ ಮನೆಯಲ್ಲಿ ಮುಸುಕು ಹಾಕಿಕೊಂಡು ಮಲಗೋಣ ಅನ್ನಿಸುತ್ತದೆ ನನಗೆ. ಹುಣಸೂರಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರು ನಾನು. ವರ್ಷ ವರ್ಷ ಅದೇ ಪಾಠ, ಅದೇ ಗೋಡೆಯ ಮೇಲೆ ಅಂಚು ಹರಿದ ಅದೇ ನಕ್ಷೆ. ದಿಕ್ಕು, ಅಳತೆ, ಸಂಕೇತ. ನೀಲಿ ಗೆರೆ ಎಂದರೆ ನೀರು, ಕಪ್ಪು ಚೌಕ ಎಂದರೆ ಮನೆ, ಚುಕ್ಕೆಗೆರೆ ಎಂದರೆ ಕಾಲುದಾರಿ. ಇವನ್ನೆಲ್ಲ ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ. ಆದರೆ ಚುಕ್ಕೆಗೆರೆ ಅನ್ನುವ ಮಾತು ಬಾಯಿಗೆ ಬಂದಾಗ ಈಗ ಸುಮ್ಮಸುಮ್ಮನೆ ಕೆಮ್ಮಿ ಸೀಮೆಸುಣ್ಣ ಕೆಳಗಿಡುತ್ತೇನೆ. ಮಕ್ಕಳು "ಏನ್ ಮಿಸ್, ನೀರು ಕುಡೀತೀರಾ?" ಅಂತ ಕೇಳುತ್ತವೆ. ಕುಡಿದರೆ ಹೋಗುವಂಥದ್ದಲ್ಲ ಅದು.

ನನ್ನ ತವರು ಸಾಲಿಗ್ರಾಮದ ಕಡೆಯ ಒಂದು ಸಣ್ಣ ಹಳ್ಳಿ. ಒಂದೇ ಬೀದಿ. ಬೀದಿಯ ಈ ತುದಿಯಲ್ಲಿ ನಮ್ಮಣ್ಣನ ಮನೆ, ಆ ತುದಿಯಲ್ಲಿ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಶಾಲೆಯ ಹಿಂದೆ ಭತ್ತದ ಗದ್ದೆ, ಗದ್ದೆಯ ಆಚೆ ನಾಲೆ, ನಾಲೆಯ ಆಚೆ ದೊಡ್ಡ ಊರು. ಅಲ್ಲಿ ಏಳನೇ ತರಗತಿವರೆಗೂ ಇರುವ ಶಾಲೆ ಇದೆ. ಈ ದಡದಲ್ಲಿ ನಿಂತರೆ ಆ ಶಾಲೆಯ ಪ್ರಾರ್ಥನೆ ಕಿವಿಗೆ ಬೀಳುತ್ತದೆ, ಅಷ್ಟು ಹತ್ತಿರ. ಹೋಗಬೇಕು ಅಂದರೆ ಮಾತ್ರ ನಾಲೆ ಏರಿಯ ಮೇಲೆ ಹೋಗಿ ಹೋಗಿ, ಸೇತುವೆ ದಾಟಿ, ಹೋದಷ್ಟೇ ದೂರ ವಾಪಸು ಬರಬೇಕು. ದೊಡ್ಡವರಿಗೇ ಕಾಲು ಸೋಲುವ ದಾರಿ ಅದು.

ಅಣ್ಣನಿಗೆ ಒಬ್ಬಳೇ ಮಗಳು. ಹುಟ್ಟುವಾಗಲೇ ಅವಳ ಎಡಗಾಲು ಸಣ್ಣ, ಬಲವಿಲ್ಲ. ಕಾಲಿಗೆ ಕಬ್ಬಿಣದ ಪಟ್ಟಿಯ ಬೂಟು ಹಾಕಿಕೊಂಡೇ ನಡೆಯಬೇಕು. ಆದರೆ ಹುಡುಗಿ ಗಟ್ಟಿಗಿತ್ತಿ. ಯಾರ ಕೈಯನ್ನೂ ಹಿಡಿಯದೆ, ಬೀದಿಯ ಮನೆಗಳ ಗೋಡೆಯನ್ನೇ ಹಿಡಿದುಕೊಂಡು, ಒಂದು ಜಗಲಿಯಿಂದ ಇನ್ನೊಂದು ಜಗಲಿಗೆ ಕೈ ಬದಲಿಸುತ್ತ ಶಾಲೆ ಮುಟ್ಟುತ್ತಿದ್ದಳು. ಆ ಬೀದಿಯ ಸುಣ್ಣದ ಗೋಡೆಗಳ ಮೇಲೆಲ್ಲ ಅವಳ ಸೊಂಟದೆತ್ತರಕ್ಕೆ ಒಂದು ಮಾಸಲು ಪಟ್ಟೆ ಮೂಡಿತ್ತು. ದೀಪಾವಳಿಗೆ ಸುಣ್ಣ ಹೊಡೆದರೆ ಹೋಗುತ್ತಿತ್ತು, ಸಂಕ್ರಾಂತಿ ಹೊತ್ತಿಗೆ ಮತ್ತೆ ಬರುತ್ತಿತ್ತು. ಊರವರು ಯಾರೂ ಬೈಯಲಿಲ್ಲ. "ನಮ್ಮವ್ವ ಇಸ್ಕೂಲ್ಗೆ ಒಂಟ್ಳು" ಅಂತ ಜಗಲಿ ಮೇಲಿನ ಚೊಂಬು, ಮೊರಗಳನ್ನು ಪಕ್ಕಕ್ಕೆ ಸರಿಸಿ ದಾರಿ ಬಿಡುತ್ತಿದ್ದರು.

ಶಾಲೆಯಲ್ಲಿ ಮಕ್ಕಳು ಕಮ್ಮಿಯಾಗುತ್ತ ಬಂದರು. ಇದಕ್ಕೂ ನಮ್ಮ ಪುಸ್ತಕದಲ್ಲಿ ಪಾಠವಿದೆ. ಜನನ, ಮರಣ, ವಲಸೆ: ಯಾವ ಊರಿನ ಜನಸಂಖ್ಯೆಯಾದರೂ ಈ ಮೂರರಿಂದಲೇ ಏರುವುದು, ಇಳಿಯುವುದು. ನಮ್ಮೂರಿನಲ್ಲಿ ಮೂರೂ ಸೇರಿ ಆಟ ಆಡಿದವು. ಮನೆಗೆ ಒಂದೋ ಎರಡೋ ಮಕ್ಕಳು. ಕೂಲಿಯವರು ಕಾಫಿ ಕುಯ್ಲಿಗೆ ಅಂತ ಕೊಡಗಿಗೆ ಹೋದವರು ಮಕ್ಕಳನ್ನೂ ಕರೆದುಕೊಂಡು ಅಲ್ಲೇ ನಿಂತರು. ಉಳಿದವರಲ್ಲಿ ಕೈಯಲ್ಲಿ ಸ್ವಲ್ಪ ಕಾಸಾಡುವವರು ಮಕ್ಕಳನ್ನು ಹಳದಿ ವ್ಯಾನು ಹತ್ತಿಸಿ ಕೆ.ಆರ್. ನಗರದ ಕಾನ್ವೆಂಟಿಗೆ ಕಳಿಸಿದರು. ನಮ್ಮ ಹುಡುಗಿಗೂ ಅಣ್ಣ ಆ ವ್ಯಾನಿನವನನ್ನು ಕೇಳಿದ್ದ. "ಇಳ್ಸಿ ಅತ್ಸಿ ಮಾಡೋಕೆ ನಮ್ತಾವ ಜನ ಇಲ್ಲ ಕಣ್ರೀ" ಅಂದುಬಿಟ್ಟನಂತೆ. ಹೀಗಾಗಿ ಊರ ಶಾಲೆಯಲ್ಲಿ ಉಳಿದದ್ದು ಬೆರಳೆಣಿಕೆಯ ಮಕ್ಕಳು, ಅವರಲ್ಲಿ ಇವಳೊಬ್ಬಳು. ಇವಳಿಗೆ ಮಾತ್ರ ಆ ಶಾಲೆ ಬಿಟ್ಟರೆ ಬೇರೆ ಶಾಲೆಯೇ ಇರಲಿಲ್ಲ.

ಬೇಸಿಗೆಯಲ್ಲಿ ಸುದ್ದಿ ಬಂತು. ಮಕ್ಕಳು ಕಡಿಮೆ ಇರುವ ಶಾಲೆಯನ್ನು ಹತ್ತಿರದ ದೊಡ್ಡ ಶಾಲೆಗೆ ಸೇರಿಸುತ್ತಾರೆ, ಹತ್ತಿರ ಹೌದೋ ಅಲ್ಲವೋ ಅಂತ ನೋಡಲು ಶಿಕ್ಷಣ ಇಲಾಖೆಯ ಸಾಹೇಬರೊಬ್ಬರು ಬರುತ್ತಾರೆ. ಅಣ್ಣ ಫೋನ್ ಮಾಡಿದ. ನಾನು ಧೈರ್ಯ ಹೇಳಿದೆ. "ನಾಲೆ ಅಡ್ಡ ಇದೆಯಲ್ಲಣ್ಣ, ಕಣ್ಣಾರೆ ನೋಡಿದರೆ ಅವರಿಗೇ ಗೊತ್ತಾಗುತ್ತೆ. ಸೇತುವೆ ದಾರೀಲಿ ಒಂದು ಸಲ ನಡೆಸಿ ಸಾಕು." ಅಷ್ಟೇ ನಾನು ಹೇಳಿದ್ದು. ಪರೀಕ್ಷೆಯ ಕೆಲಸ ಇತ್ತು, ಹೋಗಲು ಆಗಲಿಲ್ಲ.

ನಮ್ಮ ಜನ ಇದಾರಲ್ಲ, ಅವರ ಬಗ್ಗೆ ಏನು ಹೇಳಲಿ! ಮನೆಗೆ ಬಂದವನು ಕತ್ತು ಕುಯ್ಯಲು ಬಂದಿದ್ದರೂ ಮೊದಲು ಚಾಪೆ ಹಾಸಿ ಕೂರಿಸುತ್ತಾರೆ. ಸಾಹೇಬರು ಬರುವ ಹಿಂದಿನ ದಿನ ಊರವರೆಲ್ಲ ಶಾಲೆಯ ಮುಂದೆ ಸೇರಿದರಂತೆ. ಅಂಗಳ ಗುಡಿಸಿ ಸಾರಿಸಿದರು, ರಂಗೋಲಿ ಹಾಕಿದರು, ಎಳನೀರು ಇಳಿಸಿದರು. ಆಮೇಲೆ ಯಾರೋ ಒಬ್ಬರಿಗೆ ಹೊಳೆಯಿತಂತೆ: ಸಾಹೇಬರು ಆ ಊರಿನ ಶಾಲೆಯನ್ನೂ ನೋಡಬೇಕಲ್ಲ, ಪಾಪ, ಸುಡುಬಿಸಿಲಿನಲ್ಲಿ ಅಷ್ಟು ದೂರ ಸುತ್ತುತ್ತಾರಾ? ನಾಲೆಯಲ್ಲಿ ನೀರು ನಿಲ್ಲಿಸಿ ತಿಂಗಳುಗಳಾಗಿದ್ದವು. ತಳದಲ್ಲಿ ಮಾತ್ರ ಕೆಸರು. ದಡ ಕಡಿದು ಮೆಟ್ಟಿಲು ಮಾಡೋಣ, ಮೇಲೆ ದಿಮ್ಮಿ ಹಾಸೋಣ ಅಂತ ಮಾತಾಯಿತು.

ದಿಮ್ಮಿ ಕೊಟ್ಟವನು ನಮ್ಮಣ್ಣ. ಸಿಡಿಲು ಹೊಡೆದು ಸುಳಿ ಹೋದ ಎರಡು ತೆಂಗಿನ ಮರಗಳನ್ನು ಕಡಿಸಿ, ಕೊಟ್ಟಿಗೆಗೆ ತೊಲೆ ಮಾಡೋಣವೆಂದು ಹಿತ್ತಲಿನಲ್ಲಿ ಇಟ್ಟಿದ್ದ. ಅವನ್ನೇ ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದ. ನಾಲೆಯ ನಡುವೆ ಕಲ್ಲು ಪೇರಿಸಿ ಅದರ ಮೇಲೆ ದಿಮ್ಮಿ ಕೂರಿಸಿದರು. ಕಾಲು ಜಾರಬಾರದೆಂದು ಮೇಲೆ ಮಣ್ಣು ಎರಚಿದರು. ಹಿಡಿದುಕೊಳ್ಳಲು ಒಂದು ಬಿದಿರಿನ ಗಳವನ್ನೂ ಕಟ್ಟಿದರು. ಸಂಜೆ ಅಣ್ಣ ಸಂತೋಷದಲ್ಲಿ ಫೋನ್ ಮಾಡಿದ. "ಏನ್ ಚೆಂದಾಗ್ ಮಾಡಿದ್ದೀವಿ ಗೊತ್ತಾ ಕಣಮ್ಮಿ. ಸಾಯೇಬ್ರು ಬೂಟ್ಗೆ ಒಂದ್ ಚೂರೂ ಕೆಸ್ರಾಗಕಿಲ್ಲ. ಮರ್ವಾದೆಯಿಂದ ನಡ್ಕಂಡ್ರೆ ಅವ್ರೂ ನಮ್ ಕಡೀಕೇ ಬರೀತಾರೆ ಬುಡು."

"ಅಣ್ಣ, ಕಿತ್ತು ಹಾಕ್ರೋ ಅದನ್ನ, ಈಗ್ಲೇ ಕಿತ್ತು ಹಾಕ್ರೋ!" ಅಂತ ಕೂಗಿದೆ. ಅವನಿಗೆ ಬೇಜಾರಾಯಿತು. "ಇಡೀ ಊರೇ ಸೇರ್ಕಂಡ್ ಮಾಡೈತೆ. ನೀನು ಓದ್ದೋಳು, ನಿಂಗೆ ಎಲ್ಲಾದ್ರಲ್ಲೂ ಅನ್ಮಾನ" ಅಂದು ಫೋನ್ ಇಟ್ಟ.

ಸಾಹೇಬರು ಬಂದರು. ಒಳ್ಳೆಯ ಮನುಷ್ಯರಂತೆ, ಯಾರ ಮೇಲೂ ರೇಗಲಿಲ್ಲವಂತೆ. ಎಳನೀರು ಕುಡಿದು, ಮಕ್ಕಳ ತಲೆ ಸವರಿ, ಫೋನನ್ನು ಕೈಯಲ್ಲಿ ಹಿಡಿದುಕೊಂಡು ದಿಮ್ಮಿಯ ಮೇಲೆ ನಡೆದು ಆಚೆ ದಡ ಸೇರಿದರು. ಅಣ್ಣನೇ ಮುಂದೆ ಹೋಗಿ ಕೈ ಕೊಟ್ಟು ದಾಟಿಸಿದ್ದಾನೆ. "ಒಳ್ಳೆ ದಾರಿ ಮಾಡ್ಕೊಂಡಿದ್ದೀರಿ" ಅಂದರಂತೆ. ಊರವರು ಹಿಗ್ಗಿ ಹೀರೇಕಾಯಿಯಾದರು. ಹಿಡಿದಿದ್ದ ಆ ಫೋನು ಅವರು ನಡೆದಲ್ಲೆಲ್ಲ ನಕ್ಷೆಯ ಮೇಲೆ ಗೆರೆ ಎಳೆಯುತ್ತಿತ್ತು ಅನ್ನುವುದು ಅಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಶಾಲೆ ತೆರೆಯುವ ಹೊತ್ತಿಗೆ ಆದೇಶ ಬಂತು. ಊರ ಶಾಲೆಗೆ ಬೀಗ, ಮಕ್ಕಳೆಲ್ಲ ನಾಲೆಯಾಚೆಯ ಶಾಲೆಗೆ.

ನಾನು ರಜೆ ಹಾಕಿ ಆ ಸಾಹೇಬರ ಕಚೇರಿಗೆ ಹೋದೆ. ಜಗಳ ಮಾಡಲೆಂದೇ ಹೋದೆ. ಬ್ಯಾಗಿನಲ್ಲಿ ನೂಲುದಾರ ಇಟ್ಟುಕೊಂಡಿದ್ದೆ. ಅಂಕುಡೊಂಕಾದ ದಾರಿಯನ್ನು ನಕ್ಷೆಯ ಮೇಲೆ ಅಳೆಯುವುದು ಹೇಗೆ ಅಂತ ಮಕ್ಕಳಿಗೆ ಹೇಳಿಕೊಡುವುದೇ ಹಾಗೆ: ದಾರಿ ತಿರುಗಿದ ಹಾಗೆಲ್ಲ ದಾರವನ್ನೂ ತಿರುಗಿಸಿ ಇಡಬೇಕು, ಆಮೇಲೆ ಬಿಡಿಸಿ ಅಳತೆಪಟ್ಟಿಗೆ ಹಿಡಿಯಬೇಕು. ಸಾಹೇಬರ ಮೇಜಿನ ಮೇಲೆ ನಕ್ಷೆ ಹರಡಿಸಿ, ನಮ್ಮೂರಿನಿಂದ ಏರಿಯ ಮೇಲೆ, ಸೇತುವೆಯ ಮೇಲೆ, ಮತ್ತೆ ಏರಿಯ ಮೇಲೆ ಬೆರಳಿನಿಂದ ಒತ್ತಿ ಒತ್ತಿ ದಾರ ಇಟ್ಟೆ. "ನೋಡಿ ಸರ್, ಇದು ದೂರ. ನೀವು ಬರೆದಿರೋದು ಹಕ್ಕಿ ಹಾರೋ ದೂರ. ಇಲ್ಲಿ ಒಂದು ಮಗುವಿಗೆ ಸರಿಯಾಗಿ ನಡೆಯೋಕೂ ಬರಲ್ಲ" ಅಂದೆ. ಧ್ವನಿ ಜೋರಾಗಿತ್ತು, ಪಕ್ಕದ ಮೇಜಿನವರೆಲ್ಲ ತಿರುಗಿ ನೋಡಿದರು.

ಅವರು ಸಮಾಧಾನವಾಗಿಯೇ ಕೇಳಿಸಿಕೊಂಡರು. ಆಮೇಲೆ ಇನ್ನೊಂದು ಹಾಳೆ ತೆಗೆದು ನನ್ನ ಮುಂದೆ ಇಟ್ಟರು. ಹೊಸದಾಗಿ ಮುದ್ರಿಸಿದ ನಕ್ಷೆ. ನೀಲಿ ನಾಲೆಯ ಮೇಲೆ ಅಡ್ಡವಾಗಿ, ನಮ್ಮ ಶಾಲೆಯಿಂದ ಆ ಶಾಲೆಗೆ, ನೆಟ್ಟಗೆ ಒಂದು ಚುಕ್ಕೆಗೆರೆ. "ನಾನೇ ನಡೆದಿದ್ದೀನಿ ಮೇಡಂ. ಹಿಡಿಕೊಳ್ಳೋಕೆ ಗಳ ಕೂಡ ಕಟ್ಟಿದ್ದಾರೆ. ನಿಮ್ಮೂರವರೇ ಮಾಡಿಕೊಂಡಿರೋ ದಾರಿ. ನೀವು ಭೂಗೋಳ ಪಾಠ ಮಾಡೋರು, ನಿಮಗೆ ಹೇಳಬೇಕಾ?" ಅದು ನೀರಿಲ್ಲದ ಕಾಲದಲ್ಲಿ ಒಂದು ದಿನಕ್ಕೆ ಹಾಕಿದ್ದು ಅಂದೆ. ನಿಮಗೋಸ್ಕರವೇ ಹಾಕಿದ್ದು ಅಂದೆ. ಅವರ ಮುಖ ಒಂದು ಗಳಿಗೆ ಸಣ್ಣದಾಯಿತು. ಆದರೆ ಆದೇಶ ಮೇಲಿನಿಂದ ಆಗಿಹೋಗಿದೆ, ತಿದ್ದುವುದು ತಮ್ಮ ಕೈಯಲ್ಲಿಲ್ಲ ಅಂದರು. ಬೇಕಿದ್ದರೆ ಇಟ್ಟುಕೊಳ್ಳಿ ಅಂತ ನಕ್ಷೆಯ ಒಂದು ಪ್ರತಿ ಕೊಟ್ಟರು. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿಕೊಂಡು ಅತ್ತೆ.

ನಾಲೆಗೆ ನೀರು ಬಿಡುವ ಮುಂಚೆಯೇ ನಾಲೆ ನೋಡಿಕೊಳ್ಳುವ ನೀರುಗಂಟಿ ಬಂದು, ಹರಿವಿಗೆ ಅಡ್ಡವಾಗುತ್ತದೆಂದು ಕಲ್ಲು ಕೆಡವಿಸಿ ದಿಮ್ಮಿ ತೆಗೆಸಿದ. ಅಣ್ಣನೇ ಎಳೆದು ದಡಕ್ಕೆ ಹಾಕಿದ. ಅವು ಈಗಲೂ ಅಲ್ಲೇ ಬಿದ್ದಿವೆ, ಗೆದ್ದಲು ಹಿಡಿದಿವೆ. ಕೊಟ್ಟಿಗೆಗೆ ಅವನ್ನು ಮುಟ್ಟಲಿಲ್ಲ ಅವನು.

ಬೇರೆ ಮಕ್ಕಳು ಹೇಗೋ ಸೈಕಲ್ಲು, ಬೈಕು ಅಂತ ಹೋಗುತ್ತಿದ್ದಾರೆ. ಅಣ್ಣನೂ ಮಗಳನ್ನು ಸ್ವಲ್ಪ ದಿನ ಬೈಕಿನಲ್ಲಿ ಬಿಟ್ಟುಬಂದ. ನಾಟಿ ಶುರುವಾದ ಮೇಲೆ ಬಾಡಿಗೆ ಟ್ರ್ಯಾಕ್ಟರು ಓಡಿಸಲು ಬೆಳಗಿನ ಜಾವವೇ ಹೋಗಬೇಕು, ಅದೇ ಅವರ ಅನ್ನ. ಅತ್ತಿಗೆ ಎತ್ತಿಕೊಂಡು ಹೋಗಿ ಸೊಂಟ ಹಿಡಿಸಿಕೊಂಡಳು. ಆಮೇಲೆ ಮಗುವನ್ನು ನನ್ನ ಜೊತೆ ಹುಣಸೂರಿಗೆ ಕರೆತಂದೆ. ಬಾಡಿಗೆಯ ಮಹಡಿ ಮನೆ ನನ್ನದು. ಮಗು ಮೆಟ್ಟಿಲು ಇಳಿಯಲಾರದೆ, ನಾನು ಶಾಲೆಯಿಂದ ಬರುವವರೆಗೂ ಬಾಗಿಲಲ್ಲೇ ಕೂತಿರುತ್ತಿತ್ತು. ಒಂದು ದಿನ ಜ್ವರ ಬಂದು "ಅವ್ವ, ಅವ್ವ" ಅಂತ ಕನವರಿಸಿದಾಗ ವಾಪಸು ಕರೆದುಕೊಂಡು ಹೋಗಿ ಬಿಟ್ಟೆ. ಈಗ ಮನೆಯಲ್ಲೇ ಇದ್ದಾಳೆ.

ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ಆಚೆ ಶಾಲೆಯ ಹಾಜರಿಯಲ್ಲಿ ಅವಳ ಹೆಸರಿದೆ. ಮನೆಯಲ್ಲೇ ಕಲಿಸುತ್ತೇವೆ ಅಂತ ಇಲಾಖೆಯಿಂದ ಯಾರೋ ಒಬ್ಬರು ಯಾವಾಗಲೋ ಒಮ್ಮೆ ಬಂದು ಹೋಗುತ್ತಾರೆ. ಅಂದರೆ ಶಾಲೆ ಬಿಟ್ಟ ಮಕ್ಕಳ ಲೆಕ್ಕದಲ್ಲಿ ಅವಳಿಲ್ಲ. ನಾಳೆ ಜನಗಣತಿಯವರು ಬಂದು ಕೇಳಿದರೂ ವಿದ್ಯಾರ್ಥಿನಿ ಅಂತಲೇ ಬರೆದುಕೊಳ್ಳುತ್ತಾರೆ. ನಕ್ಷೆ ನೋಡಿದರೆ ದಾರಿ ಇದೆ, ಲೆಕ್ಕ ನೋಡಿದರೆ ಮಗು ಶಾಲೆಯಲ್ಲಿದೆ. ಇಂಥದ್ದನ್ನೇ ನಾನು ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದು ಬರೆದು ಅಂಕ ಕೊಟ್ಟೆನಾ ಅಂತ ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ. ಇದಕ್ಕೊಂದು ದಾರಿ ಸಿಗುತ್ತದೆ ಅಂತ ಈಗ ನನಗೆ ಅನ್ನಿಸುವುದೂ ಇಲ್ಲ.

ಮೊನ್ನೆ ಭಾನುವಾರ ಹೋಗಿದ್ದೆ. ಬೀದಿಯ ಗೋಡೆಗಳೆಲ್ಲ ಬೆಳ್ಳಗಿದ್ದವು. ಅಣ್ಣ ಜಗಲಿಯ ಮೇಲೆ ಗೋಡೆಗೊರಗಿ ಕೂತು ಕುಡುಗೋಲು ಮಸೆಯುತ್ತಿದ್ದ. ಮಗು ತಿಂಡಿಗಾಗಿ ನನ್ನ ಬ್ಯಾಗಿಗೆ ಕೈ ಹಾಕಿ, ಮಡಚಿಟ್ಟಿದ್ದ ಆ ಹಾಳೆಯನ್ನು ಎಳೆದಳು. ನಾನು ಕಿತ್ತುಕೊಳ್ಳುವಷ್ಟರಲ್ಲಿ ನೆಲದ ಮೇಲೆ ಹರವಿಕೊಂಡಾಗಿತ್ತು.

"ಅತ್ತೆ, ಇದು ನಮ್ಮೂರಾ?"

"ಹೂಂ ಕಣವ್ವ."

"ಇದು ನಮ್ ಇಸ್ಕೂಲು. ಇದು ನಾಲೆ. ನಾಲೆ ಮ್ಯಾಲೆ ಇದೇನತ್ತೆ ಚುಕ್ಕೆ ಚುಕ್ಕೆ?"

ಸುಳ್ಳು ಹೇಳಬಹುದಿತ್ತು. ಹೊಳೆಯಲಿಲ್ಲ. "ಕಾಲುದಾರಿ" ಅಂದೆ.

ಅವಳು ಬೆರಳಿಟ್ಟು ಈ ದಡದಿಂದ ಆ ದಡಕ್ಕೆ ಎಳೆದಳು. ಮತ್ತೆ ವಾಪಸು ಎಳೆದಳು. ಆಮೇಲೆ ಇದ್ದಕ್ಕಿದ್ದಂತೆ ಅವಳ ಮುಖ ಅರಳಿತು.

"ಅಪ್ಪಾ! ನೀನ್ ಮಾಡಿದ್ ದಾರಿ ಕಣಪ್ಪ! ತೆಂಗಿನ್ ದಿಮ್ಮೀದು! ಮ್ಯಾಪ್ನಾಗೇ ಆಕವ್ರೆ, ಬಾ ನೋಡ್ಬಾ!"

ಕಲ್ಲಿನ ಮೇಲೆ ಕುಡುಗೋಲು ನಿಂತಿತು. ಅಣ್ಣ ಈ ಕಡೆ ತಿರುಗಲಿಲ್ಲ. "ಹೂಂ ಕಣವ್ವ, ಆಮೇಕ್ ನೋಡ್ತೀನಿ" ಅಂದ. ಎದ್ದು ಕೊಟ್ಟಿಗೆ ಕಡೆ ಹೋದ. ಅವಳು ಅಪ್ಪ ಬಂದು ನೋಡಲೆಂದು ಹಾಳೆಯ ನಾಲ್ಕು ಮೂಲೆಗೂ ಒಂದೊಂದು ಕಲ್ಲು ಹೇರಿ, ಗಾಳಿಗೆ ಹಾರದಂತೆ ಇಟ್ಟುಕೊಂಡು ಕಾಯುತ್ತ ಕೂತಳು.