ಡಾಂಬರು ಮುಗಿಯುವಲ್ಲಿ

ಮಳೆಗಾಲಕ್ಕೆ ಮೊದಲು ಒಮ್ಮೆ ಚೆನ್ನಾಗಿ ತೊಳೆಸೋಣ ಎಂದು ಹೋದ ತಿಂಗಳು ಗಾಡಿಯನ್ನು ಶಹಾಬಾದಿಗೆ ಒಯ್ದಿದ್ದೆ. ತೊಳೆಯುವಾತ ಹಿಂದಿನ ಸೀಟಿನ ಕೆಳಗಿದ್ದ ರಬ್ಬರ್ ಹಾಸನ್ನು ಎಳೆದು ಹೊರಗೆ ಹಾಕಿದ. ಅದರ ಅಡಿಯಲ್ಲಿ ಕೆಂಪು ಸಾಬೂನಿನ ಒಂದು ತುಂಡು ಅಂಟಿಕೊಂಡಿತ್ತು. ನೀರು ಬಿದ್ದದ್ದೇ ತಡ, ಹಳೆಯ ಆಸ್ಪತ್ರೆಗಳ ಹೆರಿಗೆ ಕೋಣೆಯಲ್ಲಿ ಬರುತ್ತಿದ್ದ ಆ ಖಾರವಾದ ವಾಸನೆ ಎದ್ದಿತು.

"ಇದು ಮೊದಲಿಗೆ ದವಾಖಾನಿ ಗಾಡಿ ಇತ್ತೇನ್ರಿ ಮೇಡಂ?" ಎಂದು ಆತ ಕೇಳಿದ.

ಇಲ್ಲ ಎಂದೆ. ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟೆ.

ನಾನು ಮದುವೆಯಾಗಿ ಚಿತ್ತಾಪುರಕ್ಕೆ ಬಂದಾಗ ಈ ಗಾಡಿಯ ಮೊದಲಿನ ಒಡತಿ ನಮ್ಮ ಪಕ್ಕದ ಮನೆಯಲ್ಲಿದ್ದರು. ನಡುವೆ ಒಂದೇ ಗೋಡೆ. ಅವರ ಹೆಸರನ್ನು ನಾನು ಮೊದಲು ಓದಿದ್ದು ಅವರು ತೀರಿಕೊಂಡ ಮೇಲೆ, ಕಾಗದಪತ್ರಗಳಲ್ಲಿ. ಓಣಿಗೆಲ್ಲ ಅವರು ನರ್ಸಬಾಯಿ. ಹಳ್ಳಿಗಳ ಉಪಕೇಂದ್ರಗಳಲ್ಲಿ ಹೆರಿಗೆ ಮಾಡಿಸುತ್ತ ಮೂವತ್ತೈದು ವರ್ಷ ಕಳೆದು ನಿವೃತ್ತರಾಗಿದ್ದರು. ಮಕ್ಕಳಿರಲಿಲ್ಲ. ಗಂಡ ಸರಕಾರಿ ಜೀಪಿನ ಡ್ರೈವರ್ ಆಗಿದ್ದವರು. ನಾನು ಬಂದ ವರ್ಷವೇ ತೀರಿಕೊಂಡರು. ಅವರನ್ನು ನಾನು ಕಂಡದ್ದು ಎರಡು ಮೂರು ಸಲ, ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದಾಗ.

ಗಂಡ ಹೋಗಿ ಆರು ತಿಂಗಳಾಗಿರಲಿಲ್ಲ, ನರ್ಸಬಾಯಿ ಈ ಗಾಡಿ ತಂದು ಮನೆ ಮುಂದೆ ನಿಲ್ಲಿಸಿದರು. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಸಿಗುವ, ಕೆಸರಿರಲಿ ಕಲ್ಲಿರಲಿ ಹತ್ತಿಕೊಂಡು ಹೋಗುವ ಎತ್ತರದ ಬಿಳಿ ಗಾಡಿ. ನಮ್ಮ ಓಣಿ ಎಷ್ಟು ಸಣ್ಣದೆಂದರೆ ಅದನ್ನು ತಿರುಗಿಸಲು ಜಾಗವಿಲ್ಲ; ಪ್ರತಿ ಸಲ ಹಿಂದೆ ಹಿಂದೆ ಸರಿಸಿಕೊಂಡೇ ಹೊರಗೆ ಹೋಗಬೇಕು.

"ಕಾಯಿಪಲ್ಯ ತರಾಕ ಇಷ್ಟು ದೊಡ್ಡ ಗಾಡಿ ಬೇಕಾತೇನ್ರಿ ಬಾಯಿ?" ಎಂದು ಕಿರಾಣಿ ಅಂಗಡಿಯವರು ನಗುತ್ತಿದ್ದರು.

"ಕುಂಬಳಕಾಯಿ ಭಾಳ ದೊಡ್ಡವು ಬರಲಿಕತ್ತಾವಲ್ರಿ ಈಗ," ಎಂದು ಅವರೂ ನಗುತ್ತಿದ್ದರು.

ಆದರೆ ಗಾಡಿಯ ಹಿಂಭಾಗವನ್ನು ನೋಡಿದವಳು ನಾನೊಬ್ಬಳೇ ಇರಬೇಕು. ದಪ್ಪ ಹಗ್ಗ, ಸಲಿಕೆ, ಗಾಲಿಯ ಕೆಳಗೆ ಕೊಡಲು ಎರಡು ಹಲಗೆ, ಎರಡು ಕಂಬಳಿ, ಒಂದು ಸ್ಟೀಲ್ ಡಬ್ಬಿ. ಡಬ್ಬಿಯೊಳಗೆ ಕತ್ತರಿ, ದಾರ, ಹತ್ತಿ, ಕೆಂಪು ಸಾಬೂನು. ಹತ್ತಿಯನ್ನು ಪ್ರತಿ ತಿಂಗಳು ಬದಲಿಸುತ್ತಿದ್ದರು. ಇಷ್ಟೆಲ್ಲ ಹೊತ್ತ ಆ ಗಾಡಿ ಹೋಗುತ್ತಿದ್ದುದು ಸಂತೆಗೆ, ಬ್ಯಾಂಕಿಗೆ, ಹೆಚ್ಚೆಂದರೆ ವಾಡಿ ಸ್ಟೇಷನ್ನಿನವರೆಗೆ. ಒಂದು ಗಾಲಿಯನ್ನೂ ಡಾಂಬರಿನಿಂದ ಕೆಳಗಿಳಿಸುತ್ತಿರಲಿಲ್ಲ. ಒಮ್ಮೆ ರಾವೂರಿನ ಹತ್ತಿರ ನೆಲಕ್ಕೆ ಹಾಸುವ ಪರಸಿ ಕಲ್ಲು ತುಂಬಿದ ಲಾರಿಯೊಂದು ಎದುರಿಗೆ ಬಂತು. ಇಬ್ಬರಲ್ಲಿ ಒಬ್ಬರು ಮಣ್ಣಿಗೆ ಸರಿಯಬೇಕಿತ್ತು. ನರ್ಸಬಾಯಿ ಸರಿಯಲಿಲ್ಲ. ಲಾರಿಯವನು ಕೆಳಗಿಳಿದು ಬಂದು, "ಇಂಥಾ ಗಾಡಿ ಇಟ್ಕೊಂಡು ಎರಡು ಗಾಲಿ ಕೆಳಗ ಇಳಸಾಕ ಬರಂಗಿಲ್ಲೇನು?" ಎಂದು ಒದರಾಡಿದ. ಅವರು ಕಿಟಕಿಯ ಗಾಜು ಏರಿಸಿಕೊಂಡರು. ಅವನೇ ಲಾರಿ ಸರಿಸುವವರೆಗೆ ಎರಡೂ ಕೈಯಿಂದ ಸ್ಟೀರಿಂಗ್ ಬಿಗಿಹಿಡಿದು ಕೂತರು. ನೂರಾರು ಹೆರಿಗೆ ಮಾಡಿಸಿದ ಕೈ...

ನನಗೆ ಡ್ರೈವಿಂಗ್ ಕಲಿಸಿದ್ದು ಅವರೇ. ನಾನು ಆಗ ಪ್ರಾಥಮಿಕ ಶಾಲೆಯಲ್ಲಿ ಟೀಚರ್, ನನ್ನ ಗಂಡನಿಗೆ ವಾಡಿ ಕಡೆ ಕಲ್ಲಿನ ಗಣಿಯಲ್ಲಿ ಕೆಲಸ. ಭಾನುವಾರಗಳಲ್ಲಿ ಅವರು ನನ್ನನ್ನು ಕೂರಿಸಿಕೊಂಡು ಹೊರಡುತ್ತಿದ್ದರು. ಸ್ಟೇಷನ್ ಹೊರಗೆ ಚಹಾ ಕುಡಿದು ವಾಪಸ್. ಯಾಕೆ ನನಗೆ ಕಲಿಸುತ್ತೀರಿ ಎಂದು ಕೇಳಿದರೆ, "ಮುಂದ ಬೇಕಾಗ್ತದ, ಯವ್ವಾ," ಎನ್ನುತ್ತಿದ್ದರು.

ಆ ವರ್ಷ ಮೊದಲ ಜೋರು ಮಳೆ ಹಿಡಿದ ದಿನ, ಶಾಲೆಗೆ ರಜೆ ಹಾಕಿ ಬಾ ಎಂದರು. ಸೇಡಂ ದಾಟಿ ಚಿಂಚೋಳಿಯ ಕಡೆ ಹೋದೆವು. ಕಪ್ಪು ಹೊಲಗಳು ಮುಗಿದು ಕೆಂಪು ಮಣ್ಣು ಶುರುವಾಯಿತು, ಗುಡ್ಡಗಳು ಬಂದವು. ಒಂದು ಕಡೆ ಬೇವಿನ ಮರದ ಹತ್ತಿರ ಎಡಕ್ಕೆ ಮಣ್ಣಿನ ಹಾದಿಯೊಂದು ಇಳಿಯುತ್ತಿತ್ತು. ಅದರ ಬಾಯಿಗೆ ಗಾಡಿ ನಿಲ್ಲಿಸಿದರು. ಎಂಜಿನ್ ಆರಿಸಲಿಲ್ಲ, ವೈಪರ್ ನಿಲ್ಲಿಸಲಿಲ್ಲ. ಯಾರೋ ಬರುವವರಿದ್ದಾರೆ ಎಂದುಕೊಂಡೆ. ಒಂದು ತಾಸು ಕೂತೆವು. ಯಾರೂ ಬರಲಿಲ್ಲ. ಗಾಡಿ ತಿರುಗಿಸಿದರು.

ಎರಡನೇ ವರ್ಷವೂ ಹಾಗೆಯೇ ಆಯಿತು. ಮೂರನೇ ವರ್ಷ ಆ ಬೇವಿನ ಮರದ ಹತ್ತಿರ ನಾನು ಕೇಳಿಯೇಬಿಟ್ಟೆ.

"ಬಾಯಿ, ಯಾರ ಸಲುವಾಗಿ ಕಾಯ್ತೀರಿ?"

ಅವರು ಮುಂದಿನ ಗಾಜಿನ ಮೇಲೆ ಹರಿಯುವ ನೀರನ್ನು ನೋಡುತ್ತಲೇ ಹೇಳಿದರು. ಆ ಹಾದಿಯ ಕೊನೆಗೆ, ಹಳ್ಳದಾಚೆ ಲಂಬಾಣಿಗರ ಒಂದು ತಾಂಡಾ ಇದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರು ಅಲ್ಲಿದ್ದರು. ಇಂಥದೇ ಮಳೆಯ ಒಂದು ಬೆಳಿಗ್ಗೆ ಚೊಚ್ಚಲ ಬಸುರಿಯೊಬ್ಬಳಿಗೆ ನೋವು ಬಂದಿತ್ತು. ಮಗು ಅಡ್ಡ ತಿರುಗಿತ್ತು. ಮನೆಯವರು ಬಂಡಿ ಹೂಡಲು ಸಿದ್ಧರಾದರು. ನರ್ಸಬಾಯಿ ಒಬ್ಬನನ್ನು ಟೆಲಿಫೋನು ಇದ್ದ ಊರಿಗೆ ಓಡಿಸಿದರು. ಆತ ಅಡವಿಯ ಕಾಲುಹಾದಿಯಲ್ಲಿ ತಿರುಗಿ ಬಂದು, ಆಸ್ಪತ್ರೆಯಿಂದ ಜೀಪು ಹೊರಟಿದೆಯಂತೆ ಎಂದ.

"ನಾ ಅವರಿಗೆ ಅಂದೆ, ಜೀಪ್ ಬರ್ತದ, ಎಲ್ಲಾರೂ ಸುಮ್ಮ ಕುಂದ್ರಿ ಅಂತ. ಅವರು ಕುಂತ್ರು. ನನ್ನ ಮಾತು ಕೇಳಿ ಕುಂತ್ರು."

ಮಧ್ಯಾಹ್ನವಾಯಿತು, ಮಳೆ ತೆರಪು ಕೊಡಲಿಲ್ಲ, ಜೀಪು ಬರಲಿಲ್ಲ. ಹೊತ್ತು ಮುಳುಗುವ ಮುಂದೆ ಗಂಡಸರು ಆಕೆಯನ್ನು ಹೊರಸಿನ ಮೇಲೆ ಮಲಗಿಸಿ ಹೊತ್ತು, ನಡು ಮಟ್ಟದ ನೀರಿನಲ್ಲಿ ಹಳ್ಳ ದಾಟಿ ಮೇಲೆ ಬಂದರು. ಬೇವಿನ ಮರದ ಹತ್ತಿರ ಜೀಪು ನಿಂತಿತ್ತು. ವೈಪರ್ ಆಡುತ್ತಿತ್ತು. ಹನ್ನೊಂದು ಗಂಟೆಯಿಂದ ಅಲ್ಲೇ ನಿಂತಿತ್ತು. ಇವರು ಬಂಡಿಯಲ್ಲಿ ಬರುತ್ತಾರೆಂದು ಡ್ರೈವರ್ ಅಲ್ಲಿ ಕಾದಿದ್ದ, ಜೀಪು ಬರುತ್ತದೆಂದು ಇವರು ಕೆಳಗೆ ಕಾದಿದ್ದರು. ನಡುವೆ ಎರಡು ಮೈಲಿಯೂ ಇಲ್ಲ. ಆಕೆಯನ್ನು ಜೀಪಿನೊಳಗೆ ಮಲಗಿಸುವ ಹೊತ್ತಿಗೆ ಉಸಿರು ನಿಂತಿತ್ತು.

"ಆ ಡ್ರೈವರ್ ಯಾರು ಅಂತ ಕೇಳಲಿಲ್ಲ ನೀ," ಎಂದರು ನರ್ಸಬಾಯಿ.

ನಾನು ಅವರ ಮುಖ ನೋಡಿದೆ. ಕೇಳುವ ಅಗತ್ಯ ಉಳಿದಿರಲಿಲ್ಲ.

"ಆಮ್ಯಾಲ ವಾರಕ್ಕೊಮ್ಮೆ ಔಷಧ ಪೆಟಗಿ ತಗೊಂಡು ಬರ್ತಿದ್ರು. ಮಾರಿ ಮ್ಯಾಲೆತ್ತಿ ನೋಡ್ತಿರಲಿಲ್ಲ. ಗಾಡಿ ಇಳೀತಿರಲಿಲ್ಲ ಸಿಸ್ಟರ್, ಗಾಡಿ ಇಳೀತಿರಲಿಲ್ಲ, ಇದೊಂದೇ ಮಾತು. ನಾ ನಂಬಿದೆ. ನಂಬೇ ಲಗ್ನ ಆದೆ. ಇಪ್ಪತ್ತೆಂಟು ವರ್ಷ, ಮಳಿ ಬಂತಂದ್ರ ಅದೇ ಮಾತು. ಸಾಯೋ ದಿನಾನೂ ಅಂದ್ರು." ಗೇರಿನ ಪಕ್ಕದ ಚಿಕ್ಕ ಲಿವರ್ ಮೇಲೆ ಕೈಯಿಟ್ಟರು. ಕೆಸರಿನಲ್ಲಿ ನಾಲ್ಕೂ ಗಾಲಿಗೆ ಬಲ ಕೊಡುವ ಲಿವರ್ ಅದು. "ಆ ಜೀಪಿಗೂ ಇದು ಇತ್ತು, ಯವ್ವಾ."

ಆಗ ನನಗೆ ಗಾಡಿಯ ಅರ್ಥವಾಯಿತು. ಅವರು ಅದನ್ನು ಕೊಂಡದ್ದು ಈ ಎರಡು ಮೈಲಿಗಾಗಿ. ಇಂಥದೇ ಮಳೆಯಲ್ಲಿ ಇಳಿದು ನೋಡಬೇಕು, ಗಂಡ ಹೇಳಿದ್ದು ನಿಜವೋ ಅಲ್ಲವೋ ತಿಳಿಯಬೇಕು. ಆದರೆ ಮೂರು ಮಳೆಗಾಲ ಬಂದರೂ ಗಾಲಿ ಇಳಿಸಲಾಗಿರಲಿಲ್ಲ. ಗಾಡಿ ಇಳಿದುಬಿಟ್ಟರೆ ಆಮೇಲೆ ಆ ಇಪ್ಪತ್ತೆಂಟು ವರ್ಷಗಳನ್ನು ಏನು ಮಾಡುವುದು?

ನಾನು ಹೋಗಿ ಬರುತ್ತೇನೆ ಎಂದೆ. ಬೇಡ ಎನ್ನುತ್ತಾರೆಂದು ಕಾದೆ. ಅವರು ಕೊಡೆ ತೆಗೆದುಕೊಂಡು ಕೆಳಗಿಳಿದು, ಬೇವಿನ ಮರದ ಬುಡದಲ್ಲಿ ನಿಂತರು.

ಆ ದಿನ ನಾನು ಎಷ್ಟು ಅಂಜಿದ್ದೆ ಎಂದು ಬರೆಯುವುದು ಕಷ್ಟ. ಲಿವರ್ ಎಳೆದೆ, ಮೊದಲ ಗೇರಿನಲ್ಲಿ ಇಳಿದೆ. ಗಾಡಿ ಎರಡು ಸಲ ಅಡ್ಡಡ್ಡ ಜಾರಿತು. ಹಳ್ಳದ ನೀರು ಕೆಂಪಗೆ, ಬಾಗಿಲಿನ ಅಂಚಿಗೆ ಬಡಿಯುತ್ತಿತ್ತು. ಬ್ರೇಕ್ ಮುಟ್ಟಬೇಡ, ಮುಟ್ಟಬೇಡ ಎಂದು ನನಗೆ ನಾನೇ ಜೋರಾಗಿ ಹೇಳಿಕೊಳ್ಳುತ್ತಿದ್ದೆ. ಗಾಡಿ ಆಚೆ ದಂಡೆ ಹತ್ತಿ, ತಾಂಡಾದ ಶಾಲೆಯ ಮುಂದೆ ನಿಂತಿತು. ಗಡಿಯಾರ ನೋಡಿದೆ. ಹದಿನೆಂಟು ನಿಮಿಷ.

ಶಾಲೆಯ ಪಡಸಾಲೆಯಲ್ಲಿ ಮಳೆಗೆ ನಿಂತಿದ್ದ ಒಬ್ಬ ಮುದುಕಿ, "ಈ ಹಾದೀಲಿಂದ ಯಾಕ ಬಂದ್ರೆವ್ವ? ಊರ ಹಿಂದಿಂದ ಡಾಂಬರ್ ರೋಡ್ ಆಗ್ಯದಲ್ಲ," ಎಂದಳು.

ನಾನು ಕೇಳಬಾರದಿತ್ತು. ಕೇಳಿದೆ. ಹಿಂದೆ, ಆ ರೋಡ್ ಆಗುವ ಮೊದಲು, ಮಳೆಯಲ್ಲಿ ಇಲ್ಲಿಗೆ ಜೀಪು ಬರುತ್ತಿತ್ತೇ ಎಂದು.

"ಬರ್ತಿತ್ತಲ್ಲ. ಅಡವಿ ಸಾಹೇಬರ ಜೀಪ್ ಮಳ್ಯಾಗ ಸುದ್ದ ಬರ್ತಿತ್ತು."

ತಿರುಗಿ ಬರುವಾಗ ಜಾರಿದ್ದು, ನೀರು ಬಡಿದದ್ದು ಯಾವುದೂ ನೆನಪಿಲ್ಲ. ಏನು ಹೇಳಲಿ ಎಂಬುದೊಂದೇ ತಲೆಯಲ್ಲಿತ್ತು. ಮೇಲೆ ಬಂದು ಇಳಿದೆ. ಹಳ್ಳದ ಈಚೆಗೇ ಗಾಲಿ ಹೂತುಕೊಂಡಿತು, ಕೆಳಗಿಳಿದು ಹಲಗೆ ಕೊಟ್ಟು ಹೇಗೋ ಎಬ್ಬಿಸಿಕೊಂಡು ಬಂದೆ, ಮುಂದೆ ಹೋಗಲು ಸಾಧ್ಯವೇ ಇಲ್ಲ ಎಂದೆ. ಮಳೆಯಲ್ಲೇ ನಿಂತು ಹೇಳಿದೆ.

ಅವರು ನನ್ನನ್ನೇ ನೋಡಿದರು. ಆಮೇಲೆ ಸೆರಗಿನಿಂದ ನನ್ನ ಮುಖ ಒರೆಸಿ, "ಅವರೂ ಹಂಗೇ ಅಂತಿದ್ರು," ಎಂದರು.

ಆ ವರ್ಷದಿಂದ ಅವರು ಚಿಂಚೋಳಿ ಹಾದಿಗೆ ಹೋಗಲಿಲ್ಲ. ಮಳೆ ಬಂದಾಗ ಕಟ್ಟೆಯ ಮೇಲೆ ಕೂತು ಗಂಡನ ವಿಷಯ ಮಾತಾಡುತ್ತಿದ್ದರು: ಅವರಿಗೆ ಇಷ್ಟವಾದ ಅಡುಗೆ, ಅವರ ಸಿಟ್ಟು, ಅವರ ಹಾಡು. ನಾನು ಒಂದು ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡೆ. ಹಾಗೆ ಅಂದುಕೊಂಡೇ ನಾಲ್ಕು ವರ್ಷ ಬದುಕಿದೆ.

ಕೊನೆಗೆ ಅವರು ಕಲಬುರಗಿಯ ಒಂದು ದವಾಖಾನೆಯಲ್ಲಿ ಹತ್ತು ದಿನ ಇದ್ದರು. ರಜೆಯ ದಿನ ನಾನು ಹತ್ತಿರ ಕೂತಿರುತ್ತಿದ್ದೆ. ಒಂದು ಮಧ್ಯಾಹ್ನ, ನಿದ್ದೆಯಲ್ಲಿದ್ದಾರೆ ಎಂದುಕೊಂಡಿದ್ದೆ, ಕಣ್ಣು ಮುಚ್ಚಿಕೊಂಡೇ ಮಾತಾಡಿದರು.

"ಆವತ್ತ ನೀ ಕೆಳಗ ಹೋದ ಮ್ಯಾಲ ಮಳಿ ಸ್ವಲ್ಪ ತೆರಪು ಕೊಡ್ತು, ಯವ್ವಾ. ಸಾಲಿ ಮುಂದ ಬಿಳಿ ಗಾಡಿ ಕಾಣಸ್ತು."

ನನಗೆ ತಲೆ ಎತ್ತಲಾಗಲಿಲ್ಲ. "ಮತ್ತ ಅವಾಗೇ ಯಾಕ ಅನ್ನಲಿಲ್ಲರಿ?" ಎಂದೆ.

"ನೀ ಅಷ್ಟು ತೊಯ್ಸಿಕೊಂಡು, ಅಷ್ಟು ಕಷ್ಟಪಟ್ಟು ಸುಳ್ಳು ಹೇಳಲಿಕತ್ತಿದ್ದಿ. ಹೆಂಗ ಬ್ಯಾಡನ್ಲಿ?" ನಕ್ಕರು. ನಗು ಕೆಮ್ಮಾಯಿತು. ನೀರು ಕುಡಿಸಿದೆ. "ಅವರು ಅಂಜಿದ್ರು. ಇಪ್ಪತ್ತೆಂಟು ವರ್ಷದಾಗ ಒಂದು ಸಲ, ಅಂಜಿದೆ ಅಂತ ಅಂದಿದ್ರ ಸಾಕಿತ್ತು."

ಪಕ್ಕದ ಹಾಸಿಗೆಯವರ ಕಡೆಯ ಜನ ಬಂದರು, ಹೋದರು. ಆಮೇಲೆ ಅವರು ಕಣ್ಣು ತೆರೆದರು.

"ತಾಂಡಾದವ್ರು ಬಂಡಿ ಹೂಡ್ತೀವಿ ಅಂದಾಗ ನಾ ಯಾಕ ಕುಂದ್ರಿ ಅಂದೆ ಗೊತ್ತೇನು? ಹಳ್ಳ ದಾಟಾಕ ನನಗ ಅಂಜಿಕಿ ಬಂದಿತ್ತು. ನನಗ ಈಜು ಬರ್ತಿರಲಿಲ್ಲ. ಇಪ್ಪತ್ತೆಂಟು ವರ್ಷ ಅದನ್ನ ನಾನೂ ಅವರ ಮುಂದ ಅನ್ನಲಿಲ್ಲ..."

ಎರಡು ದಿನ ಬಿಟ್ಟು ತೀರಿಕೊಂಡರು. ಗಾಡಿ ಮಾರಲು ಬಂದ ಅವರ ತಮ್ಮನ ಮಗನಿಂದ ನಾನೇ ಅದನ್ನು ಕೊಂಡೆ. ಯಾಕೆಂದು ನನ್ನ ಗಂಡ ಕೇಳಿದ್ದಕ್ಕೆ, ಕುಂಬಳಕಾಯಿ ದೊಡ್ಡವು ಬರುತ್ತಿವೆ ಎಂದೆ. ನಾನೂ ಅದನ್ನು ಶಾಲೆಗೆ, ಸಂತೆಗೆ ಒಯ್ಯುತ್ತೇನೆ. ನನ್ನನ್ನೂ ಜನ ನಗುತ್ತಾರೆ. ನಗಲಿ.

ಶಹಾಬಾದಿನಿಂದ ಬಂದ ಮರುದಿನ ಭಾನುವಾರವಿತ್ತು. ಒಬ್ಬಳೇ ಸೇಡಂ ದಾಟಿ ಚಿಂಚೋಳಿ ಕಡೆ ಹೋದೆ. ಎಡಗಡೆಯ ಇಳಿಜಾರಿನ ತುಂಬ ಜಲ್ಲಿ ಕಂಕರು ಸುರಿದಿದ್ದರು. ರೋಲರ್ ಓಡಾಡುತ್ತಿತ್ತು, ಹಳ್ಳದ ಮೇಲೆ ಸೇತುವೆ ಎದ್ದಿತ್ತು. ಕೆಂಪು ಬಾವುಟ ಹಿಡಿದು ನಿಂತಿದ್ದ ಹೆಣ್ಣುಮಗಳು ಗಾಡಿಯ ಹತ್ತಿರ ಬಂದು, "ಸ್ವಲ್ಪ ಹಿಂದ ತಗೋರಿ ಅಕ್ಕ, ಕೆಲಸ ನಡದದ," ಎಂದಳು. "ಬರೋ ಮಳಿಗಾಲಕ್ಕ ಇಲ್ಲಿ ಸ್ಕೂಟಿ ಸುದ್ದ ಇಳೀತದ ನೋಡ್ರಿ."

ಹಿಂದೆ ಸರಿಸಿದೆ. ಬರುವ ಮಳೆಗೆ ಇಲ್ಲಿ ಸ್ಕೂಟಿಯೂ ಇಳಿಯುತ್ತದಂತೆ, ಕೇಳಿದಿರಾ ಬಾಯಿ, ಎಂದು ಹೇಳಲು ಪಕ್ಕದ ಸೀಟಿನ ಕಡೆ ತಿರುಗಿದೆ. ಸೀಟು ಖಾಲಿಯಿತ್ತು. ಆಮೇಲೆ ಕಿಟಕಿಯ ಗಾಜು ಏರಿಸಿಕೊಂಡು, ಸ್ವಲ್ಪ ಹೊತ್ತು ಹಾಗೇ ಕೂತೆ.