ಅವ್ವನ ರಂಗೋಲಿ, ನನ್ನ ಮುಂಗೈ

ಮುಂಗೈ ಮೇಲಿನ ಈ ಕೂದಲೆಳೆಯಂಥ ಹಚ್ಚೆಯ ಗೆರೆಗೆ ನಾನು ಕೊಟ್ಟದ್ದು ಎರಡೂವರೆ ಸಾವಿರ. ಬಸವಕಲ್ಯಾಣದಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟುಕೊಂಡು ದಿನವಿಡೀ ಚೌಕಾಸಿ ಮಾಡುವವಳು ನಾನು. ಆದರೂ ಒಂದು ರೂಪಾಯಿ ಇಳಿಸಲಾಗಲಿಲ್ಲ. ಅವ್ವನ ಕೈ ನಡುಗಲು ಶುರುವಾಗಿತ್ತು. ಇದು ಹೆಚ್ಚುತ್ತಲೇ ಹೋಗುತ್ತದೆ ಎಂದಿದ್ದರು ಡಾಕ್ಟರು. ಹೊಸ್ತಿಲ ಮುಂದೆ ಒಂದೇ ಎಳೆಯಲ್ಲಿ ಅವಳು ಬಿಡಿಸುತ್ತಿದ್ದ ರಂಗೋಲಿ ಆಗಲೇ ನಿಂತುಹೋಗಿತ್ತು. ದಿನಾ ಕಾಣುವುದರ ಫೋಟೋ ಯಾರು ತೆಗೆದಿಟ್ಟಿರುತ್ತಾರೆ? ಕುಳಿತು ಪೆನ್ನು ಹಿಡಿಯುವಷ್ಟು ಕಸುವು ಇರುವಾಗಲೇ ಅವಳನ್ನು ಬಸ್ಸು ಹತ್ತಿಸಿಕೊಂಡು ಹುಮನಾಬಾದಿನ ಟ್ಯಾಟೂ ಅಂಗಡಿಗೆ ಹೋದೆ.

"ತಮ್ಮಾ, ದಪ್ಪ ಗೆರಿಗಿಂತ ಸಣ್ಣ ಗೆರಿಗಿ ಮಸಿ ಕಮ್ಮಿ ಹತ್ತತದ. ರೊಕ್ಕ ಯಾಕ ಜಾಸ್ತಿ?" ಎಂದೆ ಹಚ್ಚೆ ಹಾಕುವ ಹುಡುಗನಿಗೆ.

"ಅಕ್ಕಾರ, ದಪ್ಪ ಗೆರಿಯೊಳಗ ತಪ್ಪು ಮುಚ್ಚಿ ಹೋಗ್ತದ್ರಿ. ಇದರೊಳಗ ಮುಚ್ಚಂಗಿಲ್ಲ. ಸೂಜಿ ಜರಾ ಆಳ ಹೋದ್ರ ಮಸಿ ಹರಡ್ತದ, ಮ್ಯಾಲೆ ಉಳಿದ್ರ ಅಳಿಸಿ ಹೋಗ್ತದ."

ಅವ್ವ ನನ್ನ ಮುಂಗೈ ಹಿಡಿದು ಪೆನ್ನಿನಿಂದ ನೇರ ಚರ್ಮದ ಮೇಲೇ ತನ್ನ ರಂಗೋಲಿ ಬಿಡಿಸಿದಳು. ಒಂದು ಬಳುಕಿನಲ್ಲಿ ಕೈ ನಡುಗಿತು.

"ಇಲ್ಲಿ ಸೀದಾ ಮಾಡ್ಲೇನ್ರಿ?" ಎಂದ ಹುಡುಗ.

"ಬ್ಯಾಡ. ಹ್ಯಾಂಗದ ಹಾಂಗ ಹಾಕು," ಎಂದೆ.

ಅವ್ವ ನಕ್ಕಳು: "ರೊಕ್ಕಾ ಕೊಟ್ಟು ನನ್ನ ಸೊಟ್ಟ ಗೆರಿ ತಗೊಳ್ಳಾಕತ್ತಾಳ, ಹುಚ್ಚಿ!"

ಆ ಪೆನ್ನಿನ ಗೆರೆಯ ಮೇಲೆಯೇ ಸೂಜಿ ಓಡಿತು. ಕಾಗದದ ಮೇಲೆ ಅದರ ಬೇರೆ ಪ್ರತಿ ಇಲ್ಲ.

ಮರುದಿನ ಮಧ್ಯಾಹ್ನ ನನಗೆ ಜೊಂಪು ಹತ್ತಿದಾಗ ಅವ್ವ ತನ್ನ ಕಾಲದ ಹಚ್ಚೆಯ ಔಷಧ ಮಾಡಿದಳು. ಅರಿಶಿನವನ್ನು ಹರಳೆಣ್ಣೆಯಲ್ಲಿ ಕಲಸಿ, ನನ್ನ ಮುಂಗೈಗೆ ದಪ್ಪಗೆ ಮೆತ್ತಿ, ಬಟ್ಟೆ ಸುತ್ತಿದಳು. ಎಚ್ಚರಾದವಳೇ ಬಟ್ಟೆ ಬಿಚ್ಚಿ ನೋಡಿದೆ.

"ಯವ್ವಾ, ಏನ್ ಮಾಡಿದಿ!"

"ನನ್ನ ಕೈ ನೋಡು. ಇಷ್ಟ ವರ್ಷಾದ್ರೂ ಹಚ್ಚಿ ಹೋಗ್ಯಾದೇನು?"

ಅವಳ ಹಚ್ಚೆ ಬೆರಳಷ್ಟು ದಪ್ಪ, ಹಸಿರು. ನನ್ನದು ಎಳೆ ದಾರ. ಸಂಜೆಗೆ ಕೈ ಕೆಂಪಾಗಿ ಬಾತು, ಗೆರೆಗಳು ಹಳದಿಯೊಳಗೆ ಮುಳುಗಿದವು. ಅಂಗಡಿಯ ಬಾಗಿಲು ಎಳೆದು ಮತ್ತೆ ಹುಮನಾಬಾದಿಗೆ ಓಡಿದೆ. ಎಷ್ಟಾದರೂ ಕೊಡುತ್ತೇನೆ, ಈಗಲೇ ಸರಿಮಾಡು ಎಂದು ಅಂಗಲಾಚಿದೆ. ದರದ ಮಾತು ಬಾಯಿಗೇ ಬರಲಿಲ್ಲ.

"ಈಗ ಸೂಜಿ ಇಟ್ರ ಪೂರಾ ಕೆಡ್ತದ್ರಿ. ಮೊದಲು ಡಾಕ್ಟರ್‌ಗೆ ತೋರಿಸ್ರಿ. ಪೂರಾ ಮಾಯಲಿ, ಆಮ್ಯಾಲೆ ಬರ್ರಿ."

ಡಾಕ್ಟರು ಮುಲಾಮು ಕೊಟ್ಟರು. ಮುಂದಿನ ದಿನಗಳು ಬರೀ ಹಕ್ಕಳೆಯ ಕಾವಲು. ತುರಿಕೆಗೆ ಹಲ್ಲು ಕಚ್ಚಿದೆ. ಹಾಸಿಗೆಯಲ್ಲಿ ಒಂದು ಚೂರು ಉದುರಿದ್ದು ಕಂಡರೆ, ಅದರಲ್ಲಿ ಅವ್ವನ ಕೈ ಎಷ್ಟು ಹೋಯಿತೋ ಎಂದು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಅತ್ತ ಅವ್ವನಿಗೆ ಚಹಾದ ಕಪ್ಪು ಹಿಡಿಯುವುದೂ ಆಗದಂತಾಯಿತು.

ಮಾಯ್ದಾಗ ಮಿಕ್ಕ ಗೆರೆಯೆಲ್ಲ ಉಳಿದಿತ್ತು. ಕೈ ನಡುಗಿದ ಆ ಬಳುಕು ಮಾತ್ರ ಇರಲಿಲ್ಲ. ಅಂದಾಜಿನ ಮೇಲೆ ಕೂಡಿಸುತ್ತೇನೆ ಎಂದ ಹುಡುಗ. ಬೇಡವೆಂದು ಮನೆಗೆ ಬಂದು ಅವ್ವನ ಕೈಗೆ ಪೆನ್ನು ಕೊಟ್ಟೆ. ಜಾರಿ ಬಿತ್ತು. ಮತ್ತೆ ಕೊಟ್ಟೆ. ಮತ್ತೆ ಬಿತ್ತು.

"ನಾನೇ ಕೆಡಿಸಿದ್ನಲ್ಲೇ?" ಎಂದಳು.

"ಇಲ್ಲ ಬಿಡಬೇ," ಎಂದೆ. ಆ ಜಾಗ ಖಾಲಿಯೇ ಇದೆ. ಯಾರಿಂದಲೂ ತುಂಬಿಸಿಲ್ಲ.

ನೀವು ಹಚ್ಚೆ ಹಾಕಿಸಿಕೊಳ್ಳುವುದಾದರೆ ನನ್ನ ಮಾತು ಕೇಳಿ. ಸಣ್ಣ ಗೆರೆಗೆ ಅಗ್ಗದ ಕೈ ಹುಡುಕಬೇಡಿ. ಹಚ್ಚೆ ಹಾಕುವವರಿಗೆ, ನೀವು ಹಿಂದೆ ಹಾಕಿ ಮಾಯ್ದ ಗೆರೆ ಹೇಗಿದೆ ತೋರಿಸಿ ಎನ್ನಿ. ಕೈ ತೊಳೆದುಕೊಂಡೇ ಹೊಸ ಹಚ್ಚೆ ಮುಟ್ಟಿ. ವಾಸನೆಯಿಲ್ಲದ ಸೋಪಿನಲ್ಲಿ ಮೆಲ್ಲಗೆ ತೊಳೆದು, ಒತ್ತಿ ಒರೆಸಿ, ಅವರು ಹೇಳಿದ ಮುಲಾಮನ್ನು ತೆಳ್ಳಗೆ ಸವರಿ. ಅರಿಶಿನ, ಎಣ್ಣೆ, ವಿಭೂತಿ ಬೇಡ. ಕೆರೆಯಬೇಡಿ, ನೆನೆಸಬೇಡಿ, ನಮ್ಮೂರ ಬಿಸಿಲಿಗೆ ಸಡಿಲ ತೋಳಿನ ಹತ್ತಿ ಬಟ್ಟೆ ಹಾಕಿ. ಬಾವು ಹರಡಿದರೆ, ಕೀವು ಕಂಡರೆ ಡಾಕ್ಟರ ಬಳಿ ಹೋಗಿ. ಮನೆಯ ಹಿರಿಯರಿಗೆ ಇದನ್ನೆಲ್ಲ ಮೊದಲೇ ಕೂರಿಸಿಕೊಂಡು ಹೇಳಿ. ಅವರು ಕೆಡಿಸುವುದು ಪ್ರೀತಿಯಿಂದಲೇ. ಮತ್ತೆ, ಸೂಜಿ ಇಡುವ ಮೊದಲು ಆ ಪೆನ್ನಿನ ಗೆರೆಯ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಅದಕ್ಕೆ ಯಾರೂ ದುಡ್ಡು ಕೇಳುವುದಿಲ್ಲ.